ಜನರ ಜೊತೆ ಕೆಲ್ಸ ಮಾಡೋದನ್ನೇ ಬದುಕು ಮಾಡ್ಕೊಬೇಕು ಅನ್ನೋರಿಗೆ: ಮೊದ್ಲು ಊರು ಹುಡ್ಕಿ, ಆಮೇಲೆ ಕೆಲ್ಸ

ಮೇ ಜೂನ್ ಬಂತು ಅಂದ್ರೆ ನಂಗೆ ಫೋನ್ ಶುರುವಾಗುತ್ತೆ, "ಅಕ್ಕಾ ಯಾವ್ದಾದ್ರೂ ಎನ್‌ಜಿಒಲಿ ಕೆಲ್ಸ ಇದ್ರೆ ಹೇಳಿ" ಅಂತ. ಡಿಗ್ರಿ ಮುಗ್ಸಿರೋ ಹುಡುಗ್ರು ಹುಡ್ಗೀರು ಒಂದ್ ಕಡೆ, ಇನ್ನು ಕೆಲವ್ರು ಬೆಂಗ್ಳೂರಲ್ಲಿ ಐದಾರು ವರ್ಷ ದುಡ್ದು ಇನ್ನು ಸಾಕು, ಊರ ಕಡೆ ಏನಾದ್ರೂ ಮಾಡ್ಬೇಕು ಅಂತ ಮನಸ್ಸು ಮಾಡಿ ಬಂದಿರೋರು. ಎಲ್ರಿಗೂ ನಾನು ತಿರುಗಿ ಕೇಳೋದು ಒಂದೇ, ನಿಮ್ಗೆ ಯಾವ ಊರು ಚೆನ್ನಾಗ್ ಗೊತ್ತು? ಹಬ್ಬಕ್ಕೆ ಹೋಗಿ ಉಂಡು ಬರೋಷ್ಟು ಗೊತ್ತಿದ್ರೆ ಸಾಲಲ್ಲ. ಯಾರ ಮನೆ ನಲ್ಲೀಲಿ ನೀರು ಬರಲ್ಲ, ಯಾರ ಗದ್ದೆಗೆ ಕಡೇಲಿ ನೀರು ಹೋಗುತ್ತೆ, ಯಾವ ಹೆಣ್ಮಗಳು ಸ್ವಸಹಾಯ ಸಂಘದ ಕಂತು ಕಟ್ಟೋಕೆ ಫೈನಾನ್ಸ್ ಸಾಲ ತಗೊಂಡು ಈಗ ಎರಡನ್ನೂ ಕಟ್ಟೋಕಾಗ್ದೆ ಕೂತಿದ್ದಾಳೆ, ಅಷ್ಟು ಗೊತ್ತಿರ್ಬೇಕು. ಬಹಳ ಜನ ಇಲ್ಲಿ ಸುಮ್ನಾಗ್ಬಿಡ್ತಾರೆ.

ನಾನು ಮದ್ದೂರು ಕಡೆಯೋಳು, ಹನ್ನೆರಡು ವರ್ಷದಿಂದ ಮಂಡ್ಯ ಮೈಸೂರು ಸುತ್ತಮುತ್ತ ಇದೇ ಕೆಲ್ಸದಲ್ಲಿ ಅನ್ನ ಉಣ್ತಿದೀನಿ. ನಂಗೆ ಗೊತ್ತಿರೋ ದಾರೀನ ಇಲ್ಲಿ ಬರೀತಿದೀನಿ, ನಿಮ್ಗೆ ಎಲ್ಲೆಲ್ಲಿ ಹೊಂದುತ್ತೋ ಅಲ್ಲಿ ತಗೊಳ್ಳಿ.

ಊರು ಮೊದ್ಲು ಯಾಕೆ ಅಂದ್ರೆ

ನಮ್ಮ ಎರಡು ಜಿಲ್ಲೇಲೇ ನೋಡಿ, ಹತ್ತಿಪ್ಪತ್ತು ಕಿಲೋಮೀಟರ್ ಹೋದ್ರೆ ಕಷ್ಟಾನೇ ಬೇರೆ. ಕೆಆರ್‌ಎಸ್ 124.80 ಅಡಿ ತುಂಬ್ತು ಅಂದ್ರೆ ಟಿವೀಲಿ ಬಾಗಿನ ತೋರಿಸ್ತಾರೆ, ಮಂಡ್ಯ ಅಂದ್ರೆ ಬರೀ ಹಸಿರು ಅನ್ಕೋತಾರೆ ಜನ, ಆದ್ರೆ ಕೆಆರ್‌ಎಸ್‌ನಿಂದ ಬರೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕೊನೇ ಭಾಗದ ಊರಿಗೆ ಹೋಗಿ, ಗದ್ದೆಗೆ ನೀರು ಬಿಡೋ ನೀರುಗಂಟಿನ ಕೇಳಿ, ಆಗ ಗೊತ್ತಾಗುತ್ತೆ. "ಮ್ಯಾಲ್ಗಡೆಯೋರು ರಾತ್ರೋರಾತ್ರಿ ತೂಬು ಎತ್ತವ್ರೆ, ನಾನೇನ್ ಮಾಡ್ಲವ್ವ" ಅಂತ ಒಬ್ರು ನನ್ ಹತ್ರ ಅತ್ತಿದ್ದಾರೆ. ಅದೇ ಜಿಲ್ಲೆ ನಾಗಮಂಗಲದ ಕಡೆ ಹೋದ್ರೆ ಬಹಳ ಊರಲ್ಲಿ ನಾಲೆ ಮಾತೇ ಇಲ್ಲ, ಕೆರೆ ತುಂಬಿದ್ರೆ ರಾಗಿ ಇಲ್ಲಾಂದ್ರೆ ಬೋರ್‌ವೆಲ್. ಹುಣಸೂರು ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು, ಅದನ್ನ ಬ್ಯಾರನ್‌ನಲ್ಲಿ, ಅಂದ್ರೆ ಸೊಪ್ಪು ಒಣಗಿಸೋ ಮನೇಲಿ, ಹದ ಮಾಡೋಕೆ ಸೌದೆ ಬೇಕು, ಸೌದೆಗೆ ಮರ ಬೇಕು. ಎಚ್.ಡಿ. ಕೋಟೆ ಸರಗೂರಿನ ಹಾಡಿಗಳಲ್ಲಿ, ಅಂದ್ರೆ ಆದಿವಾಸಿಗಳ ಊರುಗಳಲ್ಲಿ, ಜೇನು ಕುರುಬರು ಕಾಡು ಕುರುಬರು 2006ರ ಅರಣ್ಯ ಹಕ್ಕು ಕಾಯ್ದೆ ಕಾಗದಾನ ಕೈಲಿಟ್ಕೊಂಡು ಇವತ್ತಿಗೂ ಆಫೀಸಿಂದ ಆಫೀಸಿಗೆ ಅಲೀತಿದ್ದಾರೆ. ಮೈಸೂರು ಸಿಟೀಲಿ ಕಸದ ಕಥೆ. ಇಷ್ಟೆಲ್ಲಾ ಇರುವಾಗ "ನಾನು ಸಮಾಜಕ್ಕೆ ಏನಾದ್ರೂ ಮಾಡ್ಬೇಕು" ಅನ್ನೋದು ಒಳ್ಳೆ ಮನಸ್ಸೇ, ಆದ್ರೆ ಅದು ಕೆಲ್ಸಕ್ಕೆ ಬರೋದು ಯಾವ ಊರು ಯಾವ ನೀರು ಯಾವ ಜನ ಅಂತ ಗೊತ್ತಾದ ಮೇಲೆ.

ಮೊದಲ ಆರು ತಿಂಗಳು: ಹೋಗಿ, ಕೂತ್ಕೊಳ್ಳಿ, ಬರ್ಕೊಳ್ಳಿ

ನೀವಿರೋ ಜಾಗದಿಂದ ಬಸ್ಸಲ್ಲಿ ಒಂದು ಗಂಟೆ ಒಳಗೆ ಸಿಗೋ ಒಂದು ಊರೋ ವಾರ್ಡೋ ಆರಿಸ್ಕೊಳ್ಳಿ, ದೂರ ಆದ್ರೆ ನಾಲ್ಕು ವಾರ ಹೋಗ್ತೀರ ಐದನೇ ವಾರ ನಿಲ್ಲಿಸ್ತೀರ. ವಾರಕ್ಕೆ ಒಂದು ದಿನ, ಆರು ತಿಂಗಳು. ಈಗಿರೋ ಕೆಲ್ಸ ಬಿಡ್ಬೇಡಿ, ಓದ್ತಿದ್ರೆ ಓದು ಬಿಡ್ಬೇಡಿ.

ಎಲ್ಲಿ ಹೋಗಿ ಕೂರ್ಬೇಕು ಅಂತ ಕೇಳಿದ್ರೆ ನಾನು ಹೇಳೋ ಮೊದಲ ಜಾಗ ಹಾಲಿನ ಡೈರಿ. ಬೆಳಿಗ್ಗೆ ಆರು ಆರೂವರೆಗೆ ಹೋಗಿ ನಿಂತ್ಕೊಳ್ಳಿ, ಇಡೀ ಊರು ಕ್ಯಾನ್ ಹಿಡ್ಕೊಂಡು ಅಲ್ಲಿಗೇ ಬರುತ್ತೆ. ಯಾರು ಹತ್ತು ಲೀಟರ್ ಹಾಕ್ತಾರೆ ಯಾರು ಒಂದೂವರೆ ಲೀಟರ್ ಹಾಕ್ತಾರೆ, ಫ್ಯಾಟ್ ಕಮ್ಮಿ ಬಂತು ಅಂತ ಯಾರು ಬೇಜಾರ್ ಮಾಡ್ಕೋತಾರೆ, ಯಾವ ಅಜ್ಜಿ ಮೊಮ್ಮಗಳ ಕೈಲಿ ಚೀಟಿ ಓದುಸ್ತಾಳೆ. ನಾನೊಂದು ಊರಲ್ಲಿ ಮೂರು ತಿಂಗಳು ಹೀಗೇ ನಿಂತಿದ್ದೆ, ಒಬ್ಬ ಹೆಂಗಸು ದಿನಾ ಎಲ್ಲರೂ ಹಾಕಿ ಹೋದ ಮೇಲೆ ಕಡೇಲಿ ಬರೋಳು. ಲೇಟಾಗಿ ಹಾಲು ಕರೀತಾಳೇನೋ ಅನ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಲೈನಲ್ಲಿ ಮುಂದೆ ನಿಂತ್ರೆ ಸಂಘದ ಲೀಡರ್ ಸಿಗ್ತಾಳೆ, ಕಟ್ದೇ ಇರೋ ಕಂತು ಕೇಳ್ತಾಳೆ ಅಂತ. ಯಾವ ಸರ್ವೇ ಫಾರಂನಲ್ಲೂ ಈ ಉತ್ತರ ನಂಗೆ ಸಿಗ್ತಿರ್ಲಿಲ್ಲ. (2025ರ ಫೆಬ್ರವರೀಲಿ ಮೈಕ್ರೋಫೈನಾನ್ಸ್ ಕಿರುಕುಳ ತಡೆಯೋಕೆ ಸರ್ಕಾರ ಸುಗ್ರೀವಾಜ್ಞೆ ತಂದಾಗ ನಂಗೆ ಮೊದ್ಲು ನೆನಪಾದದ್ದು ಆ ಕ್ಯಾನು, ಆ ಮುಖ.)

ಡೈರಿ ಆದ್ಮೇಲೆ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ನೀರುಗಂಟಿ, ಸೀಸನ್ ಇದ್ರೆ ಆಲೆಮನೆ. ಕುರಿ ಮೇಯಿಸೋರ ಜೊತೆ ಒಂದು ದಿನ ಪೂರ್ತಿ ನಡೀರಿ. ಕೆರೆ ಇದ್ರೆ ಏರಿ ಮೇಲೆ ನಿಂತು ಫೋಟೋ ತೆಗೆದು ಬರೋದಲ್ಲ, ನೀರು ಎಲ್ಲಿಂದ ಬರುತ್ತೆ ಅಲ್ಲಿಂದ ಕೋಡಿ ತನಕ ನಡ್ಕೊಂಡು ಹೋಗಿ. ಫೋನಲ್ಲಿ ದಿಶಾಂಕ್ ಆಪ್ ಹಾಕ್ಕೊಂಡ್ರೆ ನೀವು ನಿಂತಿರೋ ಜಾಗದ ಸರ್ವೇ ನಂಬರ್ ತೋರಿಸುತ್ತೆ, ಪಹಣಿ (ಜಮೀನಿನ ದಾಖಲೆ) ತೆಗ್ಸಿ ನೋಡಿದ್ರೆ ದನ ಮೇಯೋ ಗೋಮಾಳ ಯಾವ್ದು, ಬೇಸಾಯಕ್ಕೆ ಬರ್ದಿರೋ ಖರಾಬು ಯಾವ್ದು ಗೊತ್ತಾಗುತ್ತೆ, ಕೆರೆಗೆ ಬರೋ ಹಳ್ಳ ಎಲ್ಲಿ ಮುಚ್ಚೋಗಿದೆ ಅನ್ನೋದು ಕಾಲಿಗೇ ಗೊತ್ತಾಗುತ್ತೆ. ಹೋದ ದಿನ ಸಂಜೆ ಒಂದು ಪುಟ ಬರೀರಿ, ತಾರೀಖು ಹಾಕಿ. ಆರು ತಿಂಗಳು ಯಾರಿಗೂ ಏನೂ ಮಾಡ್ಕೊಡ್ತೀನಿ ಅಂತ ಮಾತು ಕೊಡ್ಬೇಡಿ. ಇದು ಬಹಳ ಕಷ್ಟ, ಆದ್ರೂ ಕೊಡ್ಬೇಡಿ.

ಊರು ಮತ್ತೆ ಕೇರಿ

ಇದನ್ನ ಯಾವ ಟ್ರೈನಿಂಗಲ್ಲೂ ನೇರವಾಗಿ ಹೇಳಲ್ಲ ಅದಕ್ಕೆ ಬೇರೆಯಾಗೇ ಬರೀತಿದೀನಿ. ನೀವು ದೇವಸ್ಥಾನದ ಜಗಲೀಲಿ ಮೀಟಿಂಗ್ ಕರೆದ್ರೆ ಕೇರಿಯೋರು, ಅಂದ್ರೆ ದಲಿತರು, ಬರಲ್ಲ, ಬಂದ್ರೂ ದೂರ ನಿಲ್ತಾರೆ, ಮಾತಾಡಲ್ಲ, ನೀವು "ಊರೆಲ್ಲಾ ಒಪ್ಪಿದ್ರು" ಅಂತ ರಿಪೋರ್ಟ್ ಬರೀತೀರ. ಮೀಟಿಂಗ್ ಸ್ಕೂಲಲ್ಲಿ ಇಡಿ, ಒಂದ್ಸಲ ಕೇರೀಲೇ ಇಡಿ, ಮೊದ್ಲು ನೀರು ಯಾರ ಮನೇಲಿ ಕುಡಿದ್ರಿ ಅನ್ನೋದನ್ನ ಊರು ನೋಡ್ತಿರುತ್ತೆ ಅನ್ನೋದು ನೆನಪಿರ್ಲಿ. ನಿಮ್ಮ ಜಾತಿ ಯಾವ್ದು ಅಂತ ಮೊದಲ ದಿನವೇ ಕೇಳ್ತಾರೆ, ಕೇಳ್ದೇ ಇದ್ರೂ ತಿಳ್ಕೊಂಡಿರ್ತಾರೆ. ಅದರಿಂದ ಯಾವ ಬಾಗಿಲು ಸುಲಭವಾಗಿ ತೆಗೀತು ಯಾವ್ದು ತೆಗೀಲಿಲ್ಲ ಅಂತ ನಿಮ್ಮ ನೋಟ್‌ಬುಕ್ಕಲ್ಲಿ ಪ್ರಾಮಾಣಿಕವಾಗಿ ಬರ್ಕೊಳ್ಳಿ.

ಗಿಡ ನೆಡೋಕ್ ಮುಂಚೆ

ನನ್ನ ಎರಡನೇ ವರ್ಷ, ಜೂನ್ 5ರ ಪರಿಸರ ದಿನಕ್ಕೆ ಕಾಲೇಜು ಮಕ್ಕಳನ್ನ ಕರ್ಕೊಂಡು ಹೋಗಿ ಒಂದು ಕೆರೆ ದಡದಲ್ಲಿ 300 ಗಿಡ ನೆಟ್ವಿ, ಹೊಂಗೆ ಬೇವು ನೇರಳೆ. ಶಿವರಾತ್ರಿ ಹೊತ್ತಿಗೆ ಎಣಿಸಿದ್ರೆ 19 ಇತ್ತು. ಕುರಿ ತಿಂದ್ವು ಅಂತ ನಂಗೆ ಕೋಪ ಬಂತು, ಕುರಿ ಮೇಯಿಸೋ ಅಜ್ಜನ್ನ ಹುಡ್ಕೊಂಡು ಹೋದೆ. ಅವ್ರು ಸಮಾಧಾನವಾಗಿ "ಅದು ಕುರಿ ನೀರ್ ಕುಡಿಯೋ ದಾರಿ ಕಣವ್ವ, ತಾತನ ಕಾಲ್ದಿಂದ್ಲೂ ಅಲ್ಲೇ ಇಳಿಯೋದು, ನಮ್ಮನ್ ಒಂದ್ ಮಾತ್ ಕೇಳಿದ್ರೆ ಆಚೆ ದಡ ತೋರುಸ್ತಿದ್ವಲ್ಲ" ಅಂದ್ರು. ಮುಂದಿನ ವರ್ಷ 60 ಗಿಡ, ಆಚೆ ದಡ, ಜಾಲಿ ಮುಳ್ಳಿನ ಬೇಲಿ, ಮುಳ್ಳು ಕಡಿದು ತಂದಿದ್ದು ಅದೇ ಅಜ್ಜನ ಮೊಮ್ಮಕ್ಕಳು. ಅದ್ರಲ್ಲಿ 52 ಮರ ಆಗಿದೆ, ಹೊಂಗೆ ಈಗ ನೆರಳು ಕೊಡ್ತಿದೆ.

ಪರಿಸರದ ಕೆಲ್ಸ ಬೇರೆ ಜನರ ಕೆಲ್ಸ ಬೇರೆ ಅಂತ ಇರೋರಿಗೆ ಮಳವಳ್ಳಿ ತಾಲ್ಲೂಕು ತೋರಿಸ್ತೀನಿ ನಾನು. ದಾಸನದೊಡ್ಡಿಯ ಕಾಮೇಗೌಡ್ರು ಕುರಿ ಕಾಯೋರು, ಬೆಟ್ಟದಲ್ಲಿ ಪ್ರಾಣಿ ಪಕ್ಷಿಗೆ ನೀರಿಲ್ಲ ಅಂತ ಕುಂದೂರು ಬೆಟ್ಟದಲ್ಲಿ ಒಂದಾದ್ಮೇಲೆ ಒಂದು ಕಟ್ಟೆ ಕಟ್ಟುತ್ತಾ ಹೋದ್ರು, ಕುರಿ ಮಾರಿದ ದುಡ್ಡು, ಬಂದ ಪ್ರಶಸ್ತಿ ದುಡ್ಡು ಎಲ್ಲಾ ಅದಕ್ಕೇ ಹಾಕಿದ್ರು, 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವ್ರ ಹೆಸ್ರು ಹೇಳಿದ್ರು, 2022ರಲ್ಲಿ ತೀರ್ಕೊಂಡ್ರು. ಅದೇ ತಾಲ್ಲೂಕಿನ ಕಿರುಗಾವಲಲ್ಲಿ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿ ಉಳಿಸ್ಕೊಂಡು ಬಂದಿದ್ದಾರೆ, ರಾಜಮುಡಿ ಅಂತ ಈಗ ಅಂಗಡೀಲಿ ಹೆಚ್ಚು ಬೆಲೆಗೆ ಕೊಳ್ತೀವಲ್ಲ ಅಂಥ ತಳಿಗಳು. ಇಬ್ರೂ ಪ್ರಾಜೆಕ್ಟ್ ಅಂತ ಶುರು ಮಾಡ್ದೋರಲ್ಲ, ತಾವಿರೋ ಜಾಗ ಬಿಟ್ಟು ಹೋಗ್ಲಿಲ್ಲ ಅಷ್ಟೆ. ಆದ್ರೆ ಒಂದು ಮಾತು ಖಂಡಿತ ಹೇಳ್ಬೇಕು, ಸಂಬಳ ಇಲ್ದೆ ಹಾಗೆ ಬದುಕಿ ಅಂತ ನಾನು ಯಾರಿಗೂ ಹೇಳಲ್ಲ. ಹೊಟ್ಟೆಪಾಡು ನೋಡ್ಕೊಂಡೇ ಈ ಕೆಲ್ಸ ಮಾಡ್ಬೇಕು.

ಪಂಚಾಯ್ತಿ ಆಫೀಸ್ ಬಾಗಿಲು

ಹೊಸಬರು ಪಂಚಾಯ್ತಿ ಅಂದ್ರೆ ರಾಜಕೀಯ ಅಂತ ದೂರ ಇರ್ತಾರೆ, ಅದು ದೊಡ್ಡ ತಪ್ಪು. ನೀವು ಐದು ವರ್ಷ ಫಂಡ್ ತಂದು ಮಾಡೋ ಕೆಲ್ಸಾನ ಪಂಚಾಯ್ತಿ ಕ್ರಿಯಾಯೋಜನೇಲಿ ಒಂದು ಸಾಲು ಸೇರ್ಸಿ ಮಾಡಿಸ್ಬಹುದು, ಕೆರೆ ಹೂಳು ಇರ್ಲಿ ಕಾಲುವೆ ಇರ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಂದ್ಸಲನಾದ್ರೂ ಗ್ರಾಮಸಭೆ ಆಗ್ಲೇಬೇಕು, ಅದಕ್ಕೆ ಮುಂಚೆ ವಾರ್ಡ್ ಸಭೆ. ವರ್ಷಕ್ಕೊಂದ್ಸಲ ಜಮಾಬಂದಿ, ಅಂದ್ರೆ ಪಂಚಾಯ್ತಿ ಲೆಕ್ಕಾನ ಜನರ ಮುಂದೆ ಇಡೋದು. ಮೊದ್ಲು ಸುಮ್ನೆ ಹೋಗಿ ಹಿಂದೆ ಕೂತು ನೋಡಿ.

ನಾನು ಕೂತಿದ್ದ ಒಂದು ಸಭೆ ಬೆಳಿಗ್ಗೆ ಹನ್ನೊಂದಕ್ಕೆ, ನಾಟಿ ಟೈಮು, ಹೆಂಗಸ್ರೆಲ್ಲಾ ಮೊಣಕಾಲುದ್ದ ಕೆಸರಲ್ಲಿ ಪೈರು ನಾಟಿ ಹಾಕ್ತಿದ್ದಾರೆ, ಇಲ್ಲಿ ನಲವತ್ತು ಗಂಡಸ್ರು ಕೂತು ಹೆಂಗಸ್ರ ಶೌಚಾಲಯದ ಜಾಗ ನಿರ್ಧಾರ ಮಾಡ್ತಿದ್ದಾರೆ. ಸಂಘದ ಹೆಂಗಸ್ರನ್ನ ಕೇಳ್ದೆ ಯಾವಾಗ ಇಟ್ರೆ ಬರ್ತೀರಿ ಅಂತ. "ಹಾಲ್ ಹಾಕ್ಬುಟ್ಟು, ಮುದ್ದೆ ಎಸ್ರಿಟ್ಟು ಬತ್ತೀವಿ, ಏಳ್ ಗಂಟೆಗ್ ಮಡೀಕಳಿ" ಅಂದ್ರು. ವಾರ್ಡ್ ಮೆಂಬರ್ ಒಬ್ರು ಒಪ್ಕೊಂಡ್ರು, ವಾರ್ಡ್ ಸಭೆ ಸಂಜೆ ಏಳಕ್ಕೆ ಆಯ್ತು, ಅಲ್ಲಿ ಬರ್ದ ಪಟ್ಟಿ ಗ್ರಾಮಸಭೆಗೆ ಹೋಯ್ತು. ಪಟ್ಟೀಲಿ ಮೊದಲನೇದು ಶೌಚಾಲಯ ಅಲ್ಲ, ಗದ್ದೆ ಕಡೆಯಿಂದ ಬರೋ ದಾರೀಗೆ ಎರಡು ಬೀದಿ ದೀಪ. ಕಬ್ಬಿನ ಗದ್ದೇಲಿ ಚಿರತೆ ಇರೋ ಕಡೆ ಕತ್ತಲಲ್ಲಿ ನಡೆಯೋ ಭಯ ಆ ಹನ್ನೊಂದು ಗಂಟೆ ಸಭೇಲಿ ಯಾರ ಬಾಯಲ್ಲೂ ಬಂದಿರ್ಲಿಲ್ಲ.

ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ರ ಮಾಹಿತಿ ಬೇಕಾದ್ರೆ ಮೊದ್ಲು ಹೋಗಿ ಕೇಳಿ, ಕೊಡ್ತಾರೆ ಬಹಳ ಜನ. ಕೊಡ್ದೇ ಇದ್ರೆ ಮಾತ್ರ ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ ಫೀಸು, 30 ದಿನದೊಳಗೆ ಉತ್ತರ ಕೊಡ್ಬೇಕು. ಮೊದಲ ದಿನವೇ ಆರ್‌ಟಿಐ ಹಾಕಿದ್ರೆ ಆ ಆಫೀಸಲ್ಲಿ ನಿಮ್ಗೆ ಇನ್ನು ಐದು ವರ್ಷ ಕುರ್ಚಿ ಸಿಗಲ್ಲ. ಇನ್ನೊಂದು, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತೀಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಊರಿನ ಗಿಡ ಮರ ತಳಿ ಮೀನು ಎಲ್ಲದರ ದಾಖಲಾತಿ ಇರ್ಬೇಕು. ನಿಮ್ಮ ಪಂಚಾಯ್ತೀಲಿ ಆ ಪುಸ್ತಕ ತೋರಿಸಿ ಅಂತ ಕೇಳಿ ನೋಡಿ. ಇಲ್ಲಾಂದ್ರೆ ನಿಮ್ಮ ಮೊದಲ ಕೆಲ್ಸ ಅಲ್ಲೇ ಸಿಕ್ತು.

ಮೈಸೂರಲ್ಲಿ ಲಲಿತಮಹಲ್ ರೋಡಲ್ಲಿ ಪಂಚಾಯ್ತಿ ಮೆಂಬರ್‌ಗಳಿಗೆ ಟ್ರೈನಿಂಗ್ ಕೊಡೋ ರಾಜ್ಯ ಸಂಸ್ಥೆ ಇದೆ, ಅಬ್ದುಲ್ ನಜೀರ್ ಸಾಬ್ ಹೆಸ್ರಲ್ಲಿ. ಎಂಬತ್ತರ ದಶಕದಲ್ಲಿ ಮಂತ್ರಿ ಆಗಿದ್ದಾಗ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕ್ಸಿ ಜನ ಅವ್ರನ್ನ ನೀರ್ ಸಾಬ್ ಅಂತ್ಲೇ ಕರೀತಿದ್ರು. ಅವ್ರು ಮಾಡಿದ್ದು ಬರೀ ನೀರಲ್ಲ, ಅಧಿಕಾರಾನ ಹಳ್ಳಿಗೆ ಇಳಿಸೋ ಕೆಲ್ಸ. ನಮ್ಮೂರಲ್ಲಿ ಈಗಲೂ ವಯಸ್ಸಾದೋರು ಬೋರಿಂಗ್ ಹತ್ರ ಆ ಹೆಸರು ತೆಗೀತಾರೆ.

ಸಿಟೀಲಿದ್ರೆ

ಮೈಸೂರಲ್ಲಿ 65 ವಾರ್ಡ್, ಒಂದು ಆರಿಸ್ಕೊಳ್ಳಿ. ಬೆಳಿಗ್ಗೆ ಪೌರಕಾರ್ಮಿಕರ ಗಾಡಿ ಜೊತೆ ಒಂದು ವಾರ ನಡೀರಿ, ಒಣ ಕಸ ಹಸಿ ಕಸ ಒಂದೇ ಕವರಲ್ಲಿ ಕಟ್ಟಿ ಕೊಟ್ರೆ ಅದನ್ನ ಬರಿಗೈಲಿ ಬಿಚ್ಚೋದು ಯಾರು ಅಂತ ನೋಡಿ. 2015 ಮತ್ತೆ 2016ರಲ್ಲಿ ದೇಶದಲ್ಲೇ ಕ್ಲೀನ್ ಸಿಟಿ ಅಂತ ನಮ್ಗೆ ಮೊದಲ ಜಾಗ ಬಂತು, ಅದೇ ಊರಲ್ಲಿ ವಿದ್ಯಾರಣ್ಯಪುರದ ಸೂಯೇಜ್ ಫಾರಂ ಕಸದ ಗುಡ್ಡದ ಪಕ್ಕದ ಜನ ಕಿಟಕಿ ಮುಚ್ಕೊಂಡು ಬದುಕಿದ್ರು, ಎರಡೂ ನಿಜ. ಕುಂಬಾರಕೊಪ್ಪಲಿನ ಝೀರೋ ವೇಸ್ಟ್ ಘಟಕಾನ ಒಂದ್ಸಲ ನೋಡಿ ಬನ್ನಿ, ಕಸಾನ ಬಗೆಬಗೆಯಾಗಿ ಬೇರ್ಪಡಿಸಿ ಗೊಬ್ಬರ ಮಾಡಿ ಮಾರೋದು ಹೇಗೆ ಅಂತ ಕಣ್ಣಾರೆ ಕಾಣುತ್ತೆ. ಕುಕ್ಕರಹಳ್ಳಿ ಕೆರೆಗಾಗಿ ವರ್ಷಗಟ್ಲೆ ದನಿ ಎತ್ತಿರೋ ವಾಕಿಂಗ್ ಜನಾನೂ ಇದ್ದಾರೆ, ಅವ್ರ ಹತ್ರ ಕೂತು ಮಾತಾಡಿ.

ಓದು, ಮತ್ತೆ ಓದಿಗಿಂತ ಉಪಯೋಗಕ್ಕೆ ಬರೋದು

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೈಸೂರು ಯೂನಿವರ್ಸಿಟಿ ಮಾನಸಗಂಗೋತ್ರೀಲಿದೆ, ನಾನೂ ಅಲ್ಲೇ ಓದಿದ್ದು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನೋರ ವಿ-ಲೀಡ್ ಸಂಸ್ಥೆ ಮೈಸೂರಲ್ಲಿದೆ, ಅಭಿವೃದ್ಧಿ ವಿಷಯದಲ್ಲೇ ಸ್ನಾತಕೋತ್ತರ ಕೋರ್ಸ್ ನಡೆಸಿದ್ದಾರೆ. ಬೆಂಗ್ಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟೀಲಿ ಡೆವಲಪ್‌ಮೆಂಟ್ ಎಂಎ ಇದೆ, ಸ್ಕಾಲರ್‌ಶಿಪ್ ಕೊಡ್ತಾರೆ. ಎರಡು ವರ್ಷ ಓದೋಕಾಗಲ್ಲ ಅನ್ನೋರಿಗೆ ಫೆಲೋಶಿಪ್, ಎಸ್‌ಬಿಐ ಯೂತ್ ಫಾರ್ ಇಂಡಿಯಾ 13 ತಿಂಗಳು ಹಳ್ಳೀಲಿ ಇರೋದು, ಗಾಂಧಿ ಫೆಲೋಶಿಪ್ ಎರಡು ವರ್ಷ. ಅವು ಎಲ್ಲಿಗೆ ಬೇಕಾದ್ರೂ ಕಳುಸ್ತವೆ ಅನ್ನೋದು ಗೊತ್ತಿರ್ಲಿ.

ಆದ್ರೆ ನಾನು ಯಾರನ್ನಾದ್ರೂ ಕೆಲ್ಸಕ್ಕೆ ತಗೋಬೇಕಾದ್ರೆ ಸರ್ಟಿಫಿಕೇಟ್ ಆಮೇಲೆ ನೋಡ್ತೀನಿ. ಕನ್ನಡದಲ್ಲಿ ತಪ್ಪಿಲ್ದೆ ಒಂದು ಅರ್ಜಿ ಬರೀತಾರಾ, ನುಡಿ ಸಾಫ್ಟ್‌ವೇರಲ್ಲಿ ಕನ್ನಡ ಟೈಪ್ ಮಾಡ್ತಾರಾ, ಸಂಘದ ಸಾಲದ ಪುಸ್ತಕದಲ್ಲಿ ಅಸಲು ಬಡ್ಡಿ ಬೇರೆ ಮಾಡಿ ಕೂಡ್ತಾರಾ, ಮೀಟಿಂಗಲ್ಲಿ ಆದ ಮಾತನ್ನ ಹೇಳ್ದೋರ ಮಾತಲ್ಲೇ ಬರ್ಕೊಂಡು ಕಡೇಲಿ ಓದಿ ಹೇಳಿ ಸೈನ್ ಹಾಕಿಸ್ಕೋತಾರಾ. ಇಷ್ಟು ಬಂದ್ರೆ ಉಳಿದದ್ದು ಊರು ಕಲ್ಸುತ್ತೆ.

ಕೆಲ್ಸ ಎಲ್ಲಿದೆ, ಏನು ಕೇಳ್ಬೇಕು

ನಮ್ಮ ಕಡೆ ಹಳೇ ಸಂಸ್ಥೆಗಳು ಇರೋದು ನಮ್ಮ ಪುಣ್ಯ. ಮೇಲುಕೋಟೆಯ ಜನಪದ ಸೇವಾ ಟ್ರಸ್ಟ್ 1960ರಿಂದ ಇದೆ, ಸುರೇಂದ್ರ ಕೌಲಗಿಯವ್ರು ಕಟ್ಟಿದ್ದು, ಖಾದಿ ನೇಯ್ಗೆ ನೈಸರ್ಗಿಕ ಕೃಷಿ ಎಲ್ಲಾ ಒಂದೇ ಕಡೆ. ಮೈರಾಡ 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆ ಅಂತ ಶುರುವಾಗಿ ಆಮೇಲೆ ಸ್ವಸಹಾಯ ಸಂಘ ಅನ್ನೋ ಕಲ್ಪನೇಗೇ ತಳಪಾಯ ಹಾಕಿದೋರಲ್ಲಿ ಒಂದಾಯ್ತು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರಲ್ಲಿ ಮೆಡಿಕಲ್ ಓದ್ತಿದ್ದ ಹುಡುಗ್ರು ಶುರು ಮಾಡಿದ್ದು, ಎಚ್.ಡಿ. ಕೋಟೆ ಸರಗೂರಲ್ಲಿ ಆಸ್ಪತ್ರೆ ಹಾಡಿ ಮಕ್ಕಳ ಸ್ಕೂಲು. ಹೆಣ್ಮಕ್ಕಳ ಸಾಗಾಟದ ವಿರುದ್ಧ ಮೈಸೂರಿನ ಒಡನಾಡಿ. ಇಲ್ಲೆಲ್ಲಾ ಮೊದ್ಲು ವಾಲಂಟಿಯರ್ ಆಗಿ ಒಂದು ತಿಂಗಳು ಹೋಗಿ ನೋಡಿ.

ಸರ್ಕಾರದ ಕಡೇನೂ ಮರೀಬೇಡಿ. ಹಳ್ಳಿ ಹೆಣ್ಮಕ್ಕಳ ಜೀವನೋಪಾಯದ ಸಂಜೀವಿನಿ ಯೋಜನೇಲಿ ಸ್ವಸಹಾಯ ಸಂಘಗಳ ಪಂಚಾಯ್ತಿ ಮಟ್ಟದ ಒಕ್ಕೂಟಗಳಿವೆ, ಲೆಕ್ಕ ಬರೆಯೋ ಎಂಬಿಕೆ, ಕೃಷಿ ಸಖಿ, ಪಶು ಸಖಿ ಅಂತ ಊರಿನ ಹೆಣ್ಮಕ್ಕಳೇ ಕೆಲ್ಸ ಮಾಡ್ತಾರೆ, ಗೌರವಧನ ಕಮ್ಮೀನೇ, ಆದ್ರೂ ಊರು ಬಿಟ್ಟು ಹೋಗ್ಬೇಕಾಗಿಲ್ಲ. ಪಿಡಿಒ ಪರೀಕ್ಷೆ ಬರೆದು ಪಾಸಾದ ನನ್ನ ಒಬ್ಳು ಕ್ಲಾಸ್‌ಮೇಟ್ ನಾನು ಹನ್ನೆರಡು ವರ್ಷದಲ್ಲಿ ಮಾಡಿರೋದಕ್ಕಿಂತ ಹೆಚ್ಚು ಕೆಲ್ಸ ನಾಲ್ಕು ವರ್ಷದಲ್ಲಿ ಮಾಡಿದ್ದಾಳೆ, ಇದನ್ನ ನಾನು ಸಂತೋಷದಿಂದ ಹೇಳ್ತೀನಿ.

ಇಂಟರ್‌ವ್ಯೂಗೆ ಹೋದಾಗ ನಾಚ್ಕೋಬೇಡಿ, ಕೇಳಿ. ಸಂಬಳ ಯಾವ ತಾರೀಖಿಗೆ ಬರುತ್ತೆ, ಪಿಎಫ್ ಇದ್ಯಾ, ಫೀಲ್ಡಿಗೆ ಹೋದ್ರೆ ಪೆಟ್ರೋಲ್ ಬಸ್ ಚಾರ್ಜ್ ಯಾರು ಕೊಡ್ತಾರೆ, ಈ ಪ್ರಾಜೆಕ್ಟಿಗೆ ದುಡ್ಡು ಎಷ್ಟು ತಿಂಗಳಿಗಿದೆ, ಹೆಣ್ಮಕ್ಕಳಾದ್ರೆ ರಾತ್ರಿ ಲಾಸ್ಟ್ ಬಸ್ ತಪ್ಪಿದ್ರೆ ಏನು ವ್ಯವಸ್ಥೆ, ಕಿರುಕುಳ ಆದ್ರೆ ದೂರು ಕೊಡೋ ಸಮಿತಿ ಇದ್ಯಾ. ನಾನು ಕೆಲ್ಸ ಮಾಡಿದ ಒಂದು ಕಡೆ ನಾಲ್ಕು ತಿಂಗಳು ಸಂಬಳ ಕೊಡ್ಲಿಲ್ಲ, ಕೇಳಿದ್ರೆ "ಸೇವೆ ಮಾಡೋಕೆ ಬಂದೋರು ದುಡ್ಡು ಕೇಳ್ತೀರಾ" ಅಂದ್ರು. ಆಗ ನಂಗೆ ಅಪ್ಪನ ಆಪರೇಷನ್ ಇತ್ತು. ಕೇಳಿದ್ದಕ್ಕೆ ನಾಚಿಕೆ ಪಟ್ಕೊಂಡಿದ್ದೆ, ಇವತ್ತು ಆ ನಾಚಿಕೆ ಪಟ್ಕೋಬೇಕಾದವ್ಳು ನಾನಲ್ಲ ಅನ್ನೋದು ಗೊತ್ತಿದೆ. ಇನ್ನೊಬ್ರಿಗೆ ಕೂಲಿ ಹಕ್ಕು ಹೇಳ್ಕೊಡೋ ಸಂಸ್ಥೆ ತನ್ನ ಜನಕ್ಕೆ ಕೂಲಿ ಕೊಡ್ದೇ ಇದ್ರೆ ಅಲ್ಲಿ ಇರ್ಬೇಡಿ.

ಮನೇಲಿ ಒಪ್ಪಲ್ಲ ಅನ್ನೋದು ನಂಗೆ ಬರೋ ಎರಡನೇ ಫೋನು. ಮೊದಲ ಎರಡು ವರ್ಷಕ್ಕೆ ಕೈಲಿ ಆರು ತಿಂಗಳ ಖರ್ಚು ಕೂಡಿಟ್ಕೊಳ್ಳಿ, ಮನೆಗೆ ಪ್ರತಿ ತಿಂಗಳು ಸ್ವಲ್ಪನಾದ್ರೂ ಕೊಡಿ, ಒಂದ್ಸಲ ಅಪ್ಪ ಅಮ್ಮನ್ನ ನೀವು ಕೆಲ್ಸ ಮಾಡೋ ಊರಿಗೆ ಕರ್ಕೊಂಡು ಹೋಗಿ. ನಮ್ಮಮ್ಮ ಒಪ್ಪಿದ್ದು ನನ್ನ ಮಾತಿಗಲ್ಲ, ಆ ಊರಿನ ಹೆಂಗಸ್ರು ಅವ್ರ ಮಡಿಲಿಗೆ ಎರಡು ತೆಂಗಿನಕಾಯಿ, ಒಂದು ಬೆಲ್ಲದಚ್ಚು ಹಾಕಿ ಕಳಿಸಿದ್ದಕ್ಕೆ.

ಸ್ವಂತ ಸಂಸ್ಥೆ

ಐದು ವರ್ಷ ಆಗೋ ತನಕ ಬೇಡ. ಆಮೇಲೂ ಬೇಕು ಅನ್ಸಿದ್ರೆ ಮೊದ್ಲು ಆ ಊರಲ್ಲಿ ಈಗಾಗ್ಲೇ ಇರೋ ಸಂಘ, ಹಾಲಿನ ಸೊಸೈಟಿ, ರೈತ ಉತ್ಪಾದಕ ಕಂಪನಿ ಒಳಗಿಂದ್ಲೇ ಆಗುತ್ತಾ ನೋಡಿ. ಆಗ್ದೇ ಇದ್ರೆ 1960ರ ಸಂಘಗಳ ನೋಂದಣಿ ಕಾಯ್ದೇಲಿ ಏಳು ಜನ ಸೇರಿ ರಿಜಿಸ್ಟರ್ ಮಾಡಿಸ್ಬಹುದು, ಟ್ರಸ್ಟ್ ಮಾಡ್ಬಹುದು, ಲಾಭಕ್ಕಲ್ಲದ ಸೆಕ್ಷನ್ 8 ಕಂಪನಿ ಮಾಡ್ಬಹುದು. ಆ ಮೇಲೆ ಪಾನ್, 12ಎ 80ಜಿ ಅಂತ ಕರೆಯೋ ಆದಾಯ ತೆರಿಗೆ ವಿನಾಯಿತಿ ನೋಂದಣಿ, ಎನ್‌ಜಿಒಗಳು ಹೆಸ್ರು ದಾಖಲಿಸೋ ಸರ್ಕಾರದ ದರ್ಪಣ್ ಪೋರ್ಟಲ್, ಕಂಪನಿ ಸಿಎಸ್‌ಆರ್ ದುಡ್ಡು ಬೇಕಾದ್ರೆ ಸಿಎಸ್‌ಆರ್-1 ಫಾರಂ. ವಿದೇಶದ ದುಡ್ಡಿಗೆ ಎಫ್‌ಸಿಆರ್‌ಎ ಕಾಯ್ದೇಲಿ ಕೇಂದ್ರದ ಅನುಮತಿ ಬೇಕು, ನಿಯಮ ಬಿಗಿ ಇದೆ, ಶುರುವಲ್ಲೇ ಅದನ್ನ ನಂಬ್ಕೊಂಡು ಪ್ಲಾನ್ ಮಾಡ್ಬೇಡಿ. ಆಡಿಟರ್ ಫೀಸು ಪ್ರತಿ ವರ್ಷ ಬಜೆಟ್ಟಲ್ಲಿ ಬೇರೆ ಇಡಿ.

ಏಳು ಜನರಲ್ಲಿ ನಾಲ್ಕು ಜನನಾದ್ರೂ ಆ ಊರೋರೇ ಇರ್ಲಿ, ಕೇರಿಯೋರು ಇರ್ಲಿ, ಹೆಂಗಸ್ರು ಇರ್ಲಿ. ಲೆಕ್ಕದ ಪುಸ್ತಕ ಮೀಟಿಂಗ್ ಪುಸ್ತಕ ಎರಡೂ ನಿಮ್ಮ ಬ್ಯಾಗಲ್ಲಿ ಓಡಾಡ್ಬಾರ್ದು, ಊರಲ್ಲೇ ಇರ್ಬೇಕು, ಯಾರು ಬೇಕಾದ್ರೂ ಬಂದು ನೋಡೋ ಹಾಗೆ. ನಮ್ಮ ಕಡೆ ಒಂದು ಸಂಘದ್ದು ಹಾಲಿನ ಡೈರಿ ಬೀರೂಲೇ ಇದೆ, ಬೀಗದ ಕೈ ಇರೋದು ಕಡೇಲಿ ಹಾಲು ಹಾಕೋಕೆ ಬರ್ತಿದ್ಲಲ್ಲ ಆ ಹೆಂಗಸಿನ ಹತ್ರ.